ಕಾಲ್ಗುಣದ ತಪಾಸಣೆ

ಶಿಕಾರಿಪುರ
14 ನವೆಂಬರ್ 2025

ಪ್ರೀತಿಯ ತ್ರ್ಯಂಬಕಣ್ಣನಿಗೆ,

ನಿನ್ನ ಮಂಡಿನೋವು ಹೇಗಿದೆ? ಧಾರವಾಡದ ಚಳಿಗೆ ಜಾಸ್ತಿಯಾಗಿರಬೇಕು. ಮಗಳ ಮನೆಯೆಂದು ಸಿಹಿ ತಿಂದು ಸಕ್ಕರೆ ಏರಿಸಿಕೊಳ್ಳಬೇಡ. ಈ ಪತ್ರ ಪೂರ್ತಿ ಓದುವಷ್ಟಾದರೂ ಆರೋಗ್ಯ ನಿನಗಿರಲಿ.

ನೀನು ನಮ್ಮ ಅಂಗಳದಲ್ಲಿ ಬಿಟ್ಟುಹೋದ ಕಾರನ್ನು ಗಿರೀಶನ ಗ್ಯಾರೇಜಿಗೆ ಕೊಟ್ಟಿದ್ದೆ. ಆಯುಧಪೂಜೆಯ ಮಾರನೇ ದಿನದಿಂದ ಅದು ದಾರಿಯಲ್ಲಿ ನಿಲ್ಲತೊಡಗಿತ್ತಲ್ಲ. ಸೊರಬದಿಂದ ಇಲ್ಲಿಗೆ ಬರುವಾಗ ತಾಳಗುಂದದ ಹತ್ತಿರ ಮೂರನೇ ಸಲ ನಿಂತಾಗ ನೀನು ಅಭಿಜ್ಞಳನ್ನು ಇಳಿಸಿದೆ. ನಮ್ಮ ತೇಜಸ್ವಿ ಜ್ವರದಲ್ಲಿ ಹೋಗಿ ಎರಡು ವರ್ಷ. ಅವನ ಹೆಂಡತಿಯನ್ನು, ನಿನ್ನ ಸ್ವಂತ ಸೊಸೆಯನ್ನು, ಜೋಳದ ಹೊಲದ ಪಕ್ಕ ಒಬ್ಬಳನ್ನೇ. ಆಮೇಲೆ ಗಾಡಿ ಸ್ಟಾರ್ಟ್ ಆಯಿತು. "ನೋಡಿದ್ಯಾ ಸುಬ್ಬೀ, ಕಾಲ್ಗುಣ ಅಂದ್ರೆ ಇದು" ಎಂದು ನನ್ನ ಜಗಲಿಯಲ್ಲಿ ಕೂತು, ಕಾಫಿ ಕುಡಿಯುತ್ತ ಹೇಳಿದೆ. ಆ ವಾರವೇ ಅವಳನ್ನು ಕ್ಯಾಸನೂರಿನ ತವರಿಗೆ ಕಳಿಸಿದೆ.

ಗಿರೀಶ ಕಂಪ್ಯೂಟರ್ ಹಚ್ಚಿ ನೋಡಿದ. ಎಂಜಿನ್ ಎಷ್ಟು ಗಾಳಿ ಎಳೆಯುತ್ತಿದೆಯೆಂದು ಅಳೆಯುವ ಸೆನ್ಸರ್ ಒಂದಿದೆ. ಅದು ಗಾಳಿಯನ್ನು ಕಡಿಮೆ ತೋರಿಸುತ್ತಿತ್ತು. ಅದನ್ನು ನಂಬಿ ಎಂಜಿನ್ ಪೆಟ್ರೋಲನ್ನೂ ಕಡಿಮೆ ಮಾಡಿಕೊಂಡು ನಿಲ್ಲುತ್ತಿತ್ತು. ಹತ್ತು ನಿಮಿಷ ಬಿಟ್ಟರೆ ಯಾರು ಇಳಿದರೂ ಇಳಿಯದಿದ್ದರೂ ಸ್ಟಾರ್ಟ್ ಆಗುತ್ತಿತ್ತಂತೆ. ಅವನು ಸೆನ್ಸರಿನ ವೈರು ಕಿತ್ತ. ಎಂಜಿನ್ ನೆಟ್ಟಗೆ ಓಡಿತು. "ಸುಳ್ಳು ಹೇಳೋನ ಬಾಯಿ ಮುಚ್ಚಿದ್ರೆ ಗಾಡಿ ಓಡ್ತೈತ್ರೀ ಅಮ್ಮಾ" ಅಂದ. ನಿನ್ನ ನೆನಪಾಯಿತು. ಆಮೇಲೆ ಸೆನ್ಸರ್ ಬಿಚ್ಚಿ, ಕಿವಿಗೆ ಹಾಕುವ ಹತ್ತಿಕಡ್ಡಿಯಲ್ಲಿ ಮೆಲ್ಲಗೆ ಒರೆಸಿದ. ಕಡ್ಡಿ ಕೆಂಪಾಯಿತು. "ಇದೇನ್ರೀ, ಕುಂಕುಮ! ಯಾವ ಪುಣ್ಯಾತ್ಮಂದ್ರೀ ಈ ಕೆಲ್ಸ?"

ನಿನ್ನದು. "ಗಾಡಿ ಪ್ರಾಣವಾಯು ಎಳೆಯೋ ಜಾಗ ಇದೇ, ಪೂಜೆ ಇಲ್ಲಿಗೇ ಆಗ್ಬೇಕು" ಎಂದು ಫಿಲ್ಟರ್ ತೆಗೆಸಿ ಒಳಗೆ ಹಿಡಿ ಕುಂಕುಮ ಸುರಿದವನು ನೀನು. ಅಭಿಜ್ಞ ಅಲ್ಲಿರಲೇ ಇಲ್ಲ. ಕುಂಕುಮದ ತಟ್ಟೆಗೆ ಅವಳ ನೆರಳೂ ಬೀಳಬಾರದೆಂದು ನೀನೇ ಹಿತ್ತಲಿಗೆ ಅಟ್ಟಿದ್ದೆ.

ನಿನಗಿದು ಹೊಸದಲ್ಲ. 1978ರಲ್ಲಿ ಬಾವಿಯ ಪಂಪ್‌ಸೆಟ್ ನೀರೆತ್ತದಿದ್ದಾಗ, ವಿಧವೆಯೆಂದು ಶೇಷಮ್ಮ ಚಿಕ್ಕಮ್ಮನನ್ನು ಬಾವಿಕಟ್ಟೆಯಿಂದ ಎಬ್ಬಿಸಿದ್ದೆ. ಪೈಪಿನ ಬಾಯಲ್ಲಿ ಸಿಕ್ಕಿದ್ದು ನಿನ್ನ ಟವೆಲು. ಚಿಕ್ಕಮ್ಮ ಸಾಯುವವರೆಗೂ ಆ ಕಟ್ಟೆ ಹತ್ತಲಿಲ್ಲ. "ಹತ್ತು" ಎಂದು ನೀನೂ ಹೇಳಲಿಲ್ಲ. ಊರಿನ ಸಭೆಗಳಲ್ಲಿ ಉಪನಿಷತ್ತಿನ ಬಗ್ಗೆ ಮಾತಾಡುವವನು ನೀನು. ಓದಿದ್ದೆಲ್ಲ ನಿನ್ನ ಹೆಗಲ ಮೇಲಿನ ಶಾಲಿನಲ್ಲೇ ಉಳಿಯಿತು, ಒಳಗಿಳಿಯಲಿಲ್ಲ.

ಮೊಮ್ಮಕ್ಕಳಿಗೆ ಆಶೀರ್ವಾದ. ಅಣ್ಣನಿಗೆ ನಮಸ್ಕಾರ ಬರೆಯುವುದು ಪದ್ಧತಿ, ಬರೆದಿದ್ದೇನೆ.

ನಿನ್ನ ತಂಗಿ,
ಸುಬ್ಬಲಕ್ಷ್ಮಿ

ಮರೆತಿದ್ದೆ: ವಿಷಯ ತಿಳಿಸಲು ಅಭಿಜ್ಞಳಿಗೆ ಫೋನ್ ಮಾಡಿದೆ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ. "ಹಾಗಾದ್ರೆ ಅತ್ತೆ, ಅವರು ತೀರಿಕೊಂಡಿದ್ದೂ ನನ್ನಿಂದ ಅಲ್ಲ, ಅಲ್ವಾ?" ಎಂದು ಕೇಳಿದಳು. ಎರಡು ವರ್ಷ ತನ್ನಿಂದಲೇ ಎಂದು ನಂಬಿಕೊಂಡು ನಿನಗೆ ಅನ್ನ ಬಡಿಸಿದ್ದಾಳೆ. ಅಲ್ಲ ಕಣೇ, ಅಲ್ಲವೇ ಅಲ್ಲ ಎಂದೆ. "ಅಲ್ಲ ಅಂತ ಮಾವ ಹೇಳಿದ್ರಾ?" ಎಂದಳು. ಈ ಪತ್ರ ಕೈಸೇರಿದ ಮಾರನೇ ಬೆಳಗಿನ ಬಸ್ಸಿಗೇ ಕ್ಯಾಸನೂರಿಗೆ ಹೊರಡು.