ಕೆಂಪು ಹುಂಜ ಹಂಗಳಕ್ಕೆ

ಗುಂಡ್ಲುಪೇಟೆ
ಭಾನುವಾರ, 1956

ಅವ್ವನಿಗೆ ಚಿಕ್ಕಬಸವಯ್ಯನ ನಮಸ್ಕಾರ.

ನಿನ್ನ ಮೊಮ್ಮಗಳು ಪುಟ್ಟತಾಯಿಗೆ ಜ್ವರ ಬಿಟ್ಟಿದೆ, ಊಟ ಸೇರುತ್ತಿದೆ. ಜ್ವರ ಇಳಿಯಲೆಂದು ನೀನು ಮಾರಮ್ಮನಿಗೆ ಹರಕೆ ಹೊತ್ತು, ಕಾಲಿಗೆ ಅರಿಶಿನದ ದಾರ ಕಟ್ಟಿದ ಕೆಂಪು ಹುಂಜವನ್ನು ಇನ್ನು ಇಟ್ಟುಕೊಳ್ಳಲಾಗದು. ಪುಟ್ಟತಾಯಿ ಹೆಸರಿಟ್ಟು ಸಾಕಿದ ಹೇಟೆ ಕೋಳಿಗಳ ಬೆನ್ನನ್ನೆಲ್ಲ ಕುಕ್ಕಿ ಬೋಳು ಮಾಡಿದೆ. ಮೊನ್ನೆ ಪಕ್ಕದ ಮನೆಯಾಕೆಯ ಮೇಲೂ ಎರಗಿತು.

ತೆರಕಣಾಂಬಿಯ ಗೆಳೆಯನಿಗೆ ಕೊಡೋಣವೆಂದರೆ ನಿನ್ನ ಸೊಸೆ ಒಪ್ಪಲಿಲ್ಲ. "ದ್ಯಾವ್ರಿಗೆ ಯೋಳ್ಕಂಡಿರದ್ನ ಕಂಡೋರಿಗೆ ಕೊಟ್ಬುಟ್ಟು, ಕೂಸು ತಿರ್ಗ ಮನಿಕಂಡ್ರೆ ಏನ್ಮಾಡೀರಿ?" ಎಂದಳು. ನನಗೆ ಇಂಥದರಲ್ಲಿ ನಂಬಿಕೆ ಕಡಿಮೆ. ಆದರೂ ಮಗು ಕೆಮ್ಮಿದಾಗಲೆಲ್ಲ ಎದ್ದು ಹೋಗಿ ಹಣೆ ಮುಟ್ಟಿ ನೋಡುತ್ತೇನೆ.

ಆದ್ದರಿಂದ ನೀನು ಮಂಗಳವಾರ ಬೆಳಗಿನ ಬಸ್ಸಿಗೆ ಬಂದು ಹುಂಜವನ್ನು ಹಂಗಳಕ್ಕೆ ತೆಗೆದುಕೊಂಡು ಹೋಗು. ಹರಕೆಯನ್ನು ಅಲ್ಲೇ ತೀರಿಸು. ನಮ್ಮ ಪಾಲಿನ ಬಾಡು ಕಳಿಸಬೇಡ.

ಹುಂಜ ಅಜ್ಜಿಯ ಊರಿಗೆ ಹೋಗುತ್ತದೆ ಎಂದಷ್ಟೇ ಪುಟ್ಟತಾಯಿಗೆ ಹೇಳಿದ್ದೇನೆ. "ಅಲ್ಲಿ ಅದ್ಕೆ ರಾಗಿ ಆಕೋರ್ಯಾರಪ್ಪ?" ಎಂದು ಕೇಳಿದಳು. ನೀನೇ ಎಂದೆ. ನಿನಗೆ ಕೊಡಲು ಆಗಲೇ ಒಂದು ಹಿಡಿ ರಾಗಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟುಕೊಂಡಿದ್ದಾಳೆ. ನಿಮ್ಮಲ್ಲಿ ರಾಗಿ ಉಂಟೆಂದು ಹೇಳಬೇಡ. ಅವಳ ಕೈಯಿಂದ ಇಸಿದುಕೋ.

ಇಂತಿ ನಿನ್ನ ಮಗ,
ಚಿಕ್ಕಬಸವಯ್ಯ