ಜೋಡಿ ತಪ್ಪಿದ ಪೆಟ್ಟಿಗೆ

ಕಲ್ಯಾಣ (ಜಿ. ಠಾಣೆ),
ಬುಧವಾರ, ೧೨ ಜೂನ್ ೧೯೮೫

ಚಿರಂಜೀವಿ ಶಂಕರೆಪ್ಪನಿಗೆ ನಿನ್ನ ಅಣ್ಣನ ಆಶೀರ್ವಾದ.

ಲಕೋಟೆಯ ಮೇಲಿನ ಅಕ್ಷರ ನೋಡಿದೊಡನೆ ಇದನ್ನು ಒಲೆಗೆ ಹಾಕಬೇಡ. ಓದಿದ ಮೇಲೆ ಬೇಕಾದರೆ ಹಾಕು. ಪತ್ರ ತಡವಾದದ್ದಕ್ಕೆ ಕ್ಷಮೆ ಕೇಳುವುದು ರೂಢಿ. ಐದಾರು ವಾರ ತಡವಾಗಿದ್ದರೆ ಮದುವೆಯ ಸೀಜನ್ನು, ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳ ಗದ್ದಲ ಎಂದು ಏನಾದರೂ ಬರೆಯುತ್ತಿದ್ದೆ. ಹತ್ತು ವರ್ಷಕ್ಕೆ ಯಾವ ನೆಪ ಹೇಳಲಿ? ನಿನ್ನ ಮನೆಯಾಕೆ ಮಹಾದೇವಕ್ಕ ಹೇಗಿದ್ದಾಳೆ? ತುರ್ಭೆಯ ಕಾರ್ಖಾನೆಯಲ್ಲಿ ನೀನು ಹೆಡ್ ಕ್ಲಾರ್ಕ್ ಆದೆಯೆಂದು ಯಾರೋ ಹೇಳಿದರು. ಸಂತೋಷವಾಯಿತು. ಇಲ್ಲಿ ನನ್ನಾಕೆ, ನಿನ್ನ ವೈನಿ ರತ್ನಾಬಾಯಿಗೆ ಮೊಣಕಾಲು ನೋವು, ನನಗೆ ಸಿಟ್ಟು. ಎರಡಕ್ಕೂ ಔಷಧ ಹತ್ತಿಲ್ಲ.

ವಿಷಯಕ್ಕೆ ಬರುತ್ತೇನೆ, ದಿನ ಕಡಿಮೆ ಇವೆ. ಅಪ್ಪನ ಎರಡು ಸ್ಪೀಕರ್ ಪೆಟ್ಟಿಗೆಗಳಲ್ಲಿ ನನ್ನ ಪಾಲಿಗೆ ಬಂದದ್ದು ಕಳೆದ ತಿಂಗಳು ಕೆಟ್ಟಿತು. ಊರಿಗೆ ಮರಳುತ್ತಿದ್ದ ಜರ್ಮನ್ ಇಂಜಿನಿಯರನಿಂದ ಅಪ್ಪ ಅವನ್ನು ಕೊಂಡು ತಂದ ದಿನ ನಿನಗೆ ನೆನಪಿರಬೇಕು. ಅವ್ವ ಸೋಫಾದ ನಟ್ಟನಡುವೆಯೇ ಕೂಡುತ್ತೇನೆಂದು ಹಟ ಹಿಡಿಯುತ್ತಿದ್ದಳಲ್ಲ. ಎರಡೂ ಪೆಟ್ಟಿಗೆ ಕೂಡಿ ನುಡಿದಾಗ ಹಾಡುವವನ ದನಿ ಅವುಗಳಿಂದ ಬಾರದೆ ಎದುರಿನ ಗೋಡೆಯ ನಡುವಿನಿಂದ ಬರುತ್ತಿತ್ತು. “ನೋಡ್ರಿ, ಹಾಡಾಂವ ಬರೋಬ್ಬರಿ ಕ್ಯಾಲೆಂಡರ್ ಕೆಳಗ ಕುಂತಾನ” ಎನ್ನುತ್ತಿದ್ದಳು. ಒಂದು ದಿನ ನೀನು ಎದ್ದು ಹೋಗಿ ಕ್ಯಾಲೆಂಡರಿನ ಕೆಳಗೆ ಒಂದು ಕಪ್ ಚಹಾ ಇಟ್ಟು ಬಂದೆ, ಹಾಡುವವನಿಗೆಂದು. ಅಪ್ಪ ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಅಪ್ಪ ತೀರಿದ ಮೇಲೆ ನಾವು ಅಂಗಡಿಗಾಗಿ ಜಗಳವಾಡಿ ಪಾಲಾದ ದಿನ ಅಮೃತಪ್ಪ ಕಾಕಾ “ಹುಡುಗೂರು ಇಬ್ಬರು, ಪೆಟಗಿ ಎರಡು, ಇದರಾಗ ವಿಚಾರ ಮಾಡೂದೇನೈತಿ” ಎಂದು ಒಂದನ್ನು ನನ್ನ ಸಾಮಾನಿನ ಕಡೆ, ಇನ್ನೊಂದನ್ನು ನಿನ್ನ ಕಡೆ ತಳ್ಳಿದರು. ರೆಕಾರ್ಡು ತಿರುಗಿಸುವ ಯಂತ್ರವೂ ಆಂಪ್ಲಿಫೈಯರೂ ನನಗೆ ಬಂದವು, ಅವುಗಳ ಬದಲು ಹೊಲಿಗೆಯ ಯಂತ್ರ ನಿನಗೆ. ಜೋಡಿ ಪೆಟ್ಟಿಗೆ ಬಿಡಿಸಬಾರದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಬಾಯಿ ಬಿಟ್ಟವನು ಸೋತಂತೆ ಎಂದು ಇಬ್ಬರೂ ಸುಮ್ಮನೆ ನಿಂತೆವು.

ಅಂದಿನಿಂದ ನಾನು ಕೇಳಿದ್ದೆಲ್ಲ ಅರ್ಧ ಸಂಗೀತ. ರೆಕಾರ್ಡಿನೊಳಗಿನ ತಬಲಾ ನನ್ನ ಮನೆಯಲ್ಲಿ ಉಳಿಯಿತು, ತಂಬೂರಿ ನಿನ್ನ ಪೆಟ್ಟಿಗೆಯ ಸಂಗಡ ಹೋಯಿತು. ಮೊದಲ ವಾರವೇ ಅವ್ವ “ಹಾಡಾಂವ ಎಲ್ಲಿ ಹೋದನೋ ಅಪ್ಪಾ?” ಎಂದು ಕೇಳಿದಳು. ನಾನು ಸಿಡುಕಿದೆ. ಮರುತಿಂಗಳು ಆಕೆ ನಿನ್ನಲ್ಲಿಗೆ ಬಂದಳು, ಎಂಬತ್ತರ ಸಂಕ್ರಾಂತಿಯ ವಾರ ಅಲ್ಲೇ ತೀರಿಕೊಂಡಳು. ಆ ದಿನ ನಾವಿಬ್ಬರೂ ಆಕೆಯ ಎಡಬಲಕ್ಕೆ ನಿಂತಿದ್ದೆವು, ಒಂದು ಮಾತೂ ಆಡದೆ.

ಈಗ ಪೆಟ್ಟಿಗೆಯ ಕಥೆ. ಹೋದ ತಿಂಗಳು ಅದು ಗರಗರ ಎನ್ನತೊಡಗಿತು. ಮುಂದಿನ ಜಾಲಿ ಬಿಚ್ಚಿ ನೋಡಿದರೆ ಕಾಗದದ ಕೋನಿನ ಸುತ್ತಲಿನ ಫೋಮಿನ ಅಂಚು ಬೆರಳು ತಾಗಿದರೆ ಹಪ್ಪಳದಂತೆ ಪುಡಿಯಾಗುತ್ತಿತ್ತು. ಕಲ್ಯಾಣದ ಅಂಗಡಿಗಳಲ್ಲಿ ಎಲ್ಲರದೂ ಒಂದೇ ಮಾತು, ಎಸೆದು ಹೊಸದು ಕೊಳ್ಳಿರೆಂದು: “ಫೇಂಕ್ ದೋ ಸೇಠ್, ನಯಾ ಲೇ ಲೋ.” ಡೊಂಬಿವಲಿ ಪೂರ್ವದಲ್ಲಿ, ಒಂದು ಹಳೆಯ ಚಾಳಿನ ಮೆಟ್ಟಿಲ ಕೆಳಗೆ ಕೂರುವ ತಾರಾನಾಥ ಎಂಬ ಉಡುಪಿಯವನು ಇಂಥವನ್ನು ಮಾಡುತ್ತಾನೆಂದು ತಿಳಿಯಿತು. ಹೋದ ಗುರುವಾರ ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಸುತ್ತಿ, ಲೋಕಲ್ಲಿನ ಲಗೇಜು ಬೋಗಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ನಿಂತು ಒಯ್ದೆ. ನಿನ್ನ ಅಣ್ಣನನ್ನು ಆ ಅವತಾರದಲ್ಲಿ ನೋಡಿದ್ದರೆ ನೀನು ಒಂದು ವಾರ ನಗುತ್ತಿದ್ದೆ.

ತಾರಾನಾಥ ಎರಡೂ ಹೆಬ್ಬೆರಳಿನಿಂದ ಕೋನನ್ನು ಮೆಲ್ಲಗೆ ಒತ್ತಿ ಕಿವಿ ಹಚ್ಚಿದ. “ಒಳಗೆ ಕಾಯಿಲ್ ಸರಿ ಉಂಟು. ಅಂಚು ಮಾತ್ರ ಹೋಗಿದೆ. ಜೋಡಿ ಎಲ್ಲಿ ಮಾರಾಯ್ರೆ?”

“ಜೋಡಿ ಇಲ್ಲರಿ. ಇದೊಂದ ಮಾಡಿಕೊಡ್ರಿ.”

“ಒಂದೇ ಮಾಡುದಿಲ್ಲ ನಾನು. ಎರಡಕ್ಕೂ ಒಂದೇ ಥಾನಿನ ಬಟ್ಟೆಯ ಅಂಚು ಆಗ್ಬೇಕು, ಒಂದೇ ದಿನ ಕಲಸಿದ ರಬ್ಬರ್ ಸೊಲ್ಯೂಷನ್ ಹಚ್ಬೇಕು. ಇಲ್ಲದಿದ್ರೆ ಒಂದು ಸಡಿಲ, ಒಂದು ಬಿಗಿ. ಹಾಡುವವರು ನಡುವೆ ಕೂತ್ಕೊಳ್ಳುದೇ ಇಲ್ಲ.”

ಅದು ಅವ್ವನ ಮಾತು, ಅಪರಿಚಿತನ ಬಾಯಲ್ಲಿ. ಅಷ್ಟರಲ್ಲಿ ಅವನು ಪೆಟ್ಟಿಗೆ ತಿರುಗಿಸಿ ಹಿಂದಿನ ತಗಡಿನ ನಂಬರು ಓದಿದ: ನಾನೂರ ಹದಿನೇಳು. ಸ್ಟೂಲು ಹತ್ತಿ ಅಟ್ಟದ ಮೇಲಿನ ಒಂದು ಗೋಣಿ ಸರಿಸಿದ. ಕೆಳಗೆ ನಾನೂರ ಹದಿನೆಂಟು ಕೂತಿತ್ತು, ಐದೂವರೆ ವರ್ಷದ ಧೂಳು ಹೊತ್ತು. ಆಮೇಲೆ ಒಂದು ಹಳೆಯ ನೋಟ್‌ಬುಕ್ಕು ತೆಗೆದು ನನ್ನ ಮುಂದೆ ಹಿಡಿದ. “೧೮ ನವೆಂಬರ್ ೧೯೭೯. ಶಂಕರೆಪ್ಪ, ತುರ್ಭೆ. ಒಂದು ಪೆಟ್ಟಿಗೆ. ಜೋಡಿ ಅಣ್ಣನ ಹತ್ತಿರ ಉಂಟು, ಕೇಳಿ ತರುತ್ತಾರೆ.” ತುರ್ಭೆಯ ಕಡಲ ಖಾಡಿಯ ಉಪ್ಪುಗಾಳಿಗೆ ನಿನ್ನದು ಮೊದಲೇ ಕೆಟ್ಟಿತ್ತಂತೆ.

ಕೇಳಿ ತರುತ್ತೇನೆ ಎಂದು ಬರೆಸಿದವನು ನನ್ನನ್ನು ಏಕೆ ಕೇಳಲಿಲ್ಲ ಎಂದು ಇಲ್ಲಿ ಒಂದು ಸಾಲು ಬರೆದಿದ್ದೆ. ಹೊಡೆದು ಹಾಕಿದ್ದೇನೆ. ಶಾಯಿಯ ಕೆಳಗೆ ಕಾಣುತ್ತಿದ್ದರೆ ಓದಬೇಡ.

ಶಂಕರಾ, ಆ ಚಾಳು ಕೆಡವುತ್ತಾರಂತೆ. ಜೂನ್ ಮೂವತ್ತರೊಳಗೆ ಖಾಲಿ ಮಾಡಬೇಕು. ತಾರಾನಾಥ ಕೆಲಸವನ್ನೇ ಬಿಟ್ಟು ಠಾಣೆ ಪಟ್ಟಣದಲ್ಲಿ ಭಾವನ ಹೋಟೆಲಿನ ಗಲ್ಲಾದ ಮೇಲೆ ಕೂಡುತ್ತಾನೆ. ಯಾರೂ ಒಯ್ಯದ ಮಾಲನ್ನೆಲ್ಲ ಅದೇ ದಿನ ಗುಜರಿಯ ಭಂಗಾರದವನು ಬಂದು ತುಂಬಿಕೊಂಡು ಹೋಗುತ್ತಾನೆ. ನಿನ್ನ ಪೆಟ್ಟಿಗೆಯನ್ನು ನನಗೇ ಕೊಡು ಎಂದೆ. “ಅವರಿಗೆ ಕೊಟ್ಟ ಚೀಟಿ ತನ್ನಿ. ಚೀಟಿ ಇಲ್ಲದೆ ನನ್ನ ಅಪ್ಪ ಬಂದ್ರೂ ಕೊಡುದಿಲ್ಲ.” ಅಣ್ಣ ನಾನು ಎಂದು ದನಿ ಏರಿಸಿದೆ. ಅವನು ಅಲುಗಲಿಲ್ಲ.

ಸೋಮವಾರ ಮತ್ತೆ ಹೋದೆ. ಬೇರೆ ಟೋಪಿ ಹಾಕಿಕೊಂಡು, ಕನ್ನಡಕ ತೆಗೆದು, ನಾನೇ ಶಂಕರೆಪ್ಪ, ಚೀಟಿ ಕಳೆದಿದೆ ಎಂದೆ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ತಾರಾನಾಥ ಬೆಸುಗೆಯ ಕಡ್ಡಿ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಅವರು ನಿಮ್ಮಷ್ಟು ದಪ್ಪ ಇಲ್ಲ. ಮತ್ತೆ ಅವರು ಇಲ್ಲಿ ಕೂತು ಮಾತಾಡಿದ್ದು ನನಗೆ ನೆನಪುಂಟು. ಒಮ್ಮೆಯೂ ಜೋರು ಮಾಡ್ಲಿಲ್ಲ.” ಅಕ್ಕಪಕ್ಕದ ಅಂಗಡಿಯವರೆಲ್ಲ ನೋಡುತ್ತಿದ್ದರು. ಜೀವನದಲ್ಲಿ ಮೊದಲ ಸಲ ನಿನ್ನ ಹೆಸರು ಹೇಳಿಕೊಂಡೆ, ಅದೂ ದಕ್ಕಲಿಲ್ಲ.

ಕೊನೆಗೆ ಅವನೇ ಕರಗಿ ಒಂದು ದಾರಿ ಹೇಳಿದ. ಇಪ್ಪತ್ಮೂರನೆಯ ತಾರೀಖು, ಭಾನುವಾರ, ಬೆಳಗ್ಗೆ ಹತ್ತಕ್ಕೆ ನೀನು ಚೀಟಿಯೊಡನೆ ಬಂದರೆ ಅಂದೇ ಎರಡಕ್ಕೂ ಅಂಚು ಕೂಡಿಸುತ್ತಾನೆ. ಅಂಟು ಒಣಗಲು ಐದು ದಿನ ಬೇಕು, ಅದಕ್ಕಿಂತ ತಡವಾದರೆ ಆಗುವುದಿಲ್ಲ. ಚೀಟಿ ಕಳೆದಿದ್ದರೆ ನೀನೊಬ್ಬನೇ ಬಂದರೂ ಸಾಕು, ಮುಖ ಗುರುತಿದೆ ಎಂದ. ಬಟ್ಟೆ ಮಾತ್ರ ನಾನು ತರಬೇಕಂತೆ. ಅಂಗಡಿಯಲ್ಲಿದ್ದ ಅತಿ ತೆಳುವಾದ ಮಲಮಲ್ ಬಟ್ಟೆಯ ಥಾನು ಇಳಿಸಿ, ಆ ಸುರುಳಿಯಿಂದ ಪಕ್ಕಪಕ್ಕದಲ್ಲೇ ಎರಡು ತುಂಡು ಕತ್ತರಿಸಿದ್ದೇನೆ. ಒಂದನ್ನು ಅವನಿಗೆ ಕೊಟ್ಟಾಯಿತು. ಇನ್ನೊಂದು ಈ ಲಕೋಟೆಯಲ್ಲಿದೆ. ವ್ಯಾಪಾರಿಯ ಬುದ್ಧಿ ಎಂದು ಬೈದುಕೊ, ಆದರೆ ಅದನ್ನು ತೆಗೆದುಕೊಂಡು ಬಾ. ಉಳಿದ ಥಾನನ್ನು ನಾನು ನಿನ್ನೆ ಬೇಕೆಂದೇ ಮಾರಿಬಿಟ್ಟೆ.

ಎರಡೂ ಪೆಟ್ಟಿಗೆ ಆಮೇಲೆ ನಿನ್ನ ಮನೆಗೇ ಹೋಗಲಿ, ಆಂಪ್ಲಿಫೈಯರು ರೆಕಾರ್ಡುಗಳ ಸಮೇತ. ಇದು ದಾನವಲ್ಲ, ಸಿಟ್ಟಾಗಬೇಡ. ನನಗೆ ಇನ್ನು ಅರ್ಧ ಕೇಳುವ ತಾಳ್ಮೆ ಇಲ್ಲ. ವರ್ಷಕ್ಕೊಮ್ಮೆ ನಿನ್ನ ಸೋಫಾದ ನಡುವೆ ಕೂಡಲು ಬಿಟ್ಟರೆ ಸಾಕು.

ನಿನಗೂ ಮಹಾದೇವಕ್ಕನಿಗೂ ದೇವರು ಒಳ್ಳೆಯ ಆರೋಗ್ಯ ಕೊಡಲಿ. ಮನೆಯಲ್ಲಿ ಸದಾ ನಾಲ್ಕು ಜನರ ಮಾತು ಕೇಳುತ್ತಿರಲಿ. ರತ್ನಾಬಾಯಿ ಆಶೀರ್ವಾದ ತಿಳಿಸಿದ್ದಾಳೆ. ಪತ್ರ ಹಾಕಿ ಬರುವವರೆಗೆ ಊಟ ಬಡಿಸುವುದಿಲ್ಲ ಎಂದೂ ತಿಳಿಸಿದ್ದಾಳೆ.

ನಿನ್ನ ಅಣ್ಣ,
ಅಪ್ಪಾಸಾಹೇಬ

ತಾ.ಕ.: ಲಕೋಟೆ ಅಂಟಿಸಿದ್ದವನು ಮತ್ತೆ ಒಡೆದಿದ್ದೇನೆ. ಆ ನವೆಂಬರಿನಲ್ಲಿ ನೀನು ಅಲ್ಲಿ ಕೂತು ಏನು ಮಾತಾಡಿದೆ ಎಂದು ಸೋಮವಾರ ಹೊರಡುವಾಗ ತಾರಾನಾಥನನ್ನು ಕೇಳಿದೆ. ಅವ್ವ ಹಾಸಿಗೆ ಹಿಡಿದಿದ್ದಾಳೆ, ನಡುವೆ ಕೂತು ಒಂದು ಸಲ ಕೇಳಬೇಕು ಎನ್ನುತ್ತಾಳೆ ಎಂದೆಯಂತೆ. ಪೆಟ್ಟಿಗೆ ರಿಪೇರಿ ಮಾಡಿಸಿ ಅಣ್ಣನ ಮನೆಯಲ್ಲೇ ಇಟ್ಟು, ಅವ್ವನನ್ನೂ ಅಲ್ಲಿಗೇ ಕರೆದೊಯ್ಯುತ್ತೇನೆ ಎಂದಿದ್ದೆಯಂತೆ. ಅಲ್ಲಿಂದ ನೇರ ಕಲ್ಯಾಣದ ಗಾಡಿ ಹತ್ತಿದೆಯಂತೆ. ಅದೇ ಭಾನುವಾರ ನೀನು ನನ್ನ ಬಾಗಿಲಿಗೆ ಬಂದಾಗ ನಿನ್ನ ವೈನಿ “ಅವರು ಸೊಲ್ಲಾಪುರಕ್ಕ ಹೋಗ್ಯಾರ” ಎಂದಳಲ್ಲ, ಅದು ನಾನು ಹೇಳಿಸಿದ್ದು. ಅಂಗಡಿಯ ಪಾಲನ್ನು ಮತ್ತೆ ಕೆದಕಲು ಬಂದಿದ್ದೀ ಎಂದುಕೊಂಡು ಅಡುಗೆಮನೆಯ ಪರದೆಯ ಹಿಂದೆ ನಿಂತಿದ್ದೆ. ನೀನು ನೀರು ಕುಡಿದದ್ದು ಕೇಳಿಸಿತು. ಪಡಸಾಲೆಯ ಪೆಟ್ಟಿಗೆಯ ಮೇಲೆ ನೀನು ಸ್ವಲ್ಪ ಹೊತ್ತು ಕೈ ಇಟ್ಟು ನಿಂತಿದ್ದೆ ಎಂದು ರತ್ನಾಬಾಯಿ ಆಮೇಲೆ ಹೇಳಿದಳು. ಅವ್ವನ ಹೆಸರು ನೀನೇಕೆ ಎತ್ತಲಿಲ್ಲ ಎಂದು ಈಗ ನಿನ್ನನ್ನೇ ಬೈದುಕೊಳ್ಳಬಹುದಿತ್ತು. ಆದರೆ ಆ ದಿನ ನೀನು ಹೋದ ಮೇಲೆ ಬಾಗಿಲು ತೆರೆದು ನೋಡಿದೆ. ನನ್ನ ಚಪ್ಪಲಿ ಹೊಸ್ತಿಲ ಹೊರಗೇ ಇದ್ದವು. ಅವುಗಳ ಪಕ್ಕದಲ್ಲೇ, ಧೂಳಿನಲ್ಲಿ, ನೀನು ನಿನ್ನವನ್ನು ಬಿಟ್ಟಿದ್ದ ಗುರುತು ಇತ್ತು.