ಮಂಚದ ಮರದ ಕಪಾಟು

ತೋಡೂರು ಪುನರ್ವಸತಿ ಕಾಲೊನಿ
ಕಾರವಾರ ತಾಲೂಕು
೨೦ ನವೆಂಬರ್ ೨೦೦೬

ಪ್ರೀತಿಯ ರಕ್ಷಿತಾಗೆ ನಿನ್ನ ಆಯಿಯ ಆಶೀರ್ವಾದಗಳು.

ನಾವಿಬ್ಬರೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯುವುದು ರೂಢಿ. ಆದರೆ ನೀನು ಈ ಮನೆಗೆ ಸೊಸೆಯಾಗಿ ಬಂದ ವರ್ಷವೇ ನನ್ನ ಮುಖ ನೋಡಿ ತಲೆನೋವೋ ಸಿಟ್ಟೋ ಎಂದು ಹೇಳುತ್ತಿದ್ದವಳು. ನಿನಗೆ ಸುಳ್ಳು ಬರೆದರೆ ಅಕ್ಷರ ನೋಡಿಯೇ ತಿಳಿಯುತ್ತದೆ. ನಿನ್ನ ಮಾವನ ಮಂಡಿನೋವು ಹಾಗೇ ಇದೆ. ನನಗೆ ನಿದ್ದೆ ಕಡಿಮೆ. ಮಳೆ ಈ ಸಲ ಚೌತಿ ಕಳೆದರೂ ಬಿಡಲಿಲ್ಲ. ಹಿತ್ತಿಲಿನ ಬಸಳೆ ಕೊಳೆತುಹೋಯಿತು.

ಉತ್ತರ ಬರೆಯಲು ತಡವಾಯಿತು, ಮಗಾ. ನಿನ್ನ ಪತ್ರ ಬಂದದ್ದು ಚೌತಿಯ ಆಸುಪಾಸಿನಲ್ಲಿ, ಈಗ ದೀಪಾವಳಿಯೂ ಹೋಯಿತು. ನೀನು ಎರಡು ಸಲ ಮಾದೇವಿಯ ಮನೆಗೆ ಫೋನ್ ಮಾಡಿದ್ದೂ ನನಗೆ ಗೊತ್ತು. ನಾನೇ 'ಹಿತ್ತಿಲಲ್ಲಿದ್ದೇನೆಂದು ಹೇಳು' ಅಂದೆ. ಪಕ್ಕದ ಮನೆಯ ಜಗಲಿಯಲ್ಲಿ ನಿಂತು, ಅವರ ಟಿ.ವಿ. ಸದ್ದಿನ ನಡುವೆ, ನೀನು ಕೇಳಿದ ಮಾತಿಗೆ ಹೇಗೆ ಉತ್ತರ ಹೇಳಲಿ? ಪತ್ರ ಬರೆಯೋಣವೆಂದರೆ ಅದೂ ಆಗಲಿಲ್ಲ. ನನ್ನ ಏಳನೇ ಇಯತ್ತೆಯ ವಿದ್ಯೆ ದಿನಚರಿಯಲ್ಲಿ ಒಂದೆರಡು ಸಾಲು ಬರೆಯುವುದಕ್ಕೆ ಸಾಕು. 'ಇಂದು ಬಾಂಗಡೆ ಸಿಕ್ಕಿತು', 'ಇಂದು ಕರೆಂಟು ಇರಲಿಲ್ಲ', ಅಷ್ಟೇ. ಅದಕ್ಕಿಂತ ದೊಡ್ಡದು ಬರೆಯಲು ಕೂತರೆ ಕೈ ಸೋಲುತ್ತದೆ.

ನೀನು ಬರೆದದ್ದು ನಾಲ್ಕೇ ಸಾಲು. ದೇವಿದಾಸರೆಂಬವರ ಸಂಬಂಧ ಬಂದಿದೆ, ಅಂಕೋಲೆ ಡಿಪೋದಲ್ಲಿ ಕಂಡಕ್ಟರು, ಮೊದಲ ಹೆಂಡತಿ ತೀರಿಕೊಂಡಿದ್ದಾಳೆ, ಅಪ್ಪ ಅವಸರ ಮಾಡುತ್ತಾರೆ, ಆದರೆ 'ಆಯಿ, ಬಾಬಾ ಇಬ್ಬರೂ ಹೂಂ ಅಂದ ಮೇಲೆಯೇ ನಾನು ಬಾಯಿ ಬಿಡುತ್ತೇನೆ' ಎಂದು. ಓದಿ ಮುಗಿಸಿ ನಿನ್ನ ಮಾವನ ಕೈಗೆ ಕೊಟ್ಟೆ. ಇವರು ಕನ್ನಡಕ ಹಾಕಿ ಓದಿದರು, ಮಡಿಸಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು, ಗದ್ದೆಯ ಕಡೆ ಹೋದರು.

ಮರುದಿನ ಬೆಳಿಗ್ಗೆ ನಾನು ಚಾ ಮಾಡುತ್ತಿದ್ದಾಗ ನಿಮ್ಮ ಕೋಣೆಯಿಂದ ಠಕ್ ಠಕ್ ಎಂಬ ಸದ್ದು ಕೇಳಿತು. ಹೋಗಿ ನೋಡಿದರೆ ಇವರು ನೆಲದ ಮೇಲೆ ಕೂತು ನಿಮ್ಮ ಮದುವೆಯ ಮಂಚದ ಗೂಟಗಳನ್ನು ಹೊಡೆದು ತೆಗೆಯುತ್ತಿದ್ದರು. ಹಾಸಿಗೆಯನ್ನು ಸುತ್ತಿ ಗೋಡೆಗೆ ಒರಗಿಸಿದ್ದರು. ನೀನು ಹೋದಂದಿನಿಂದ ನಾನು ಆ ಮಂಚದ ಚಾದರ ಬದಲಿಸುತ್ತಿದ್ದೆ, ದೂಳು ಹೊಡೆಯುತ್ತಿದ್ದೆ. ಯಾರೂ ಮಲಗದ ಮಂಚಕ್ಕೆ ಎಷ್ಟು ದೂಳು ಕೂರುತ್ತದೆ ಎಂದು ನನಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರಲಿಕ್ಕಿಲ್ಲ.

ನಾನು ಕೂಗಿಬಿಟ್ಟೆ. "ಇದ್ಕೆ ಕೈ ಹಾಕೂಕೆ ನಿಮ್ಗೆ ಯಾರು ಹೇಳಿದ್ರು?"

"ಅವಳ ಅಪ್ಪ ಕೊಟ್ಟದ್ದು. ಅವಳಿಗೇ ಹೋಗ್ಬೇಕು."

"ಅವಳ ಆಯಿ ಏನಂದ್ಲು ಮರ್ತುಹೋಯ್ತಾ?"

ನಿನಗೂ ನೆನಪಿರಬೇಕು. ನಿನ್ನನ್ನು ಕರೆದೊಯ್ಯಲು ಬಂದ ದಿನ ನಿನ್ನ ತಾಯಿ ನನ್ನ ಕೈ ಹಿಡಿದು, 'ಹೀರಕ್ಕಾ, ಆ ಮಂಚ ಮಾತ್ರ ವಾಪಸ್ ಕಳಿಸ್ಬೇಡಿ, ನಮ್ಮನೆಗೂ ಬೇಡ, ನಾಳೆ ಇವಳು ಬೇರೆ ಕಡೆ ಹೋದ್ರೆ ಅಲ್ಲಿಗೂ ಬೇಡ' ಎಂದಿದ್ದಳು. ಅವಳದು ತಪ್ಪಲ್ಲ. ಗಂಡ ಸತ್ತವಳ ಮಂಚ ಇನ್ನೊಂದು ಮನೆಯ ಹೊಸ್ತಿಲು ದಾಟಬಾರದು ಎನ್ನುತ್ತಾರೆ. ಇತ್ತ ನಮ್ಮವರು, ಸೊಸೆಯ ತವರಿನ ಮರವನ್ನು ಸೊಸೆ ಇಲ್ಲದ ಮನೆಯಲ್ಲಿ ಇಟ್ಟುಕೊಳ್ಳಬಾರದು ಎನ್ನುತ್ತಾರೆ. ಇಡುವಂತಿಲ್ಲ, ಕೊಡುವಂತಿಲ್ಲ. ನನಗಂತೂ ಅದೇ ಅನುಕೂಲವಾಗಿತ್ತು. ಯಾರೂ ಏನೂ ನಿರ್ಧರಿಸದೆ ಮಂಚ ಇದ್ದಲ್ಲೇ ಇತ್ತು.

ಇವರು ತಲೆ ಎತ್ತದೆ ಹೇಳಿದರು. "ಮಂಚ ಆಗಿ ಹೋಗೂಕಾಗೂದಿಲ್ಲ, ಗೊತ್ತದೆ. ಬಿಚ್ಚಿದ್ಮೇಲೆ ಅದು ಬರೇ ಮರ. ಮರಕ್ಕೆ ಸೂತಕ ಇಲ್ಲ. ಅವಳಿಗೊಂದು ಕಪಾಟು ಮಾಡ್ತೆ."

ಅಂದು ನಾನು ಇವರಿಗೆ ಊಟ ಬಡಿಸಿಟ್ಟು ಹಿತ್ತಿಲಿಗೆ ಹೋದೆ. ನಿನ್ನ ಉತ್ತರವನ್ನು ಇವರು ನನ್ನನ್ನು ಕೇಳದೆ ಸುತ್ತಿಗೆಯಲ್ಲಿ ಬರೆಯಲು ಶುರುಮಾಡಿದ್ದಾರೆ ಅನ್ನಿಸಿತು.

ಇವರು ಫ್ಯಾಕ್ಟರಿ ಸೇರುವ ಮೊದಲು ತಮ್ಮ ಸೋದರಮಾವನ ಜೊತೆ ಬಡಗಿ ಕೆಲಸಕ್ಕೆ ಹೋಗುತ್ತಿದ್ದವರು. ಆ ಹಳೆಯ ಗರಗಸ, ಉಳಿ, ರಂಧಾ ಎಲ್ಲ ಅಟ್ಟದಿಂದ ಇಳಿದವು. ದಿನಾ ಮಧ್ಯಾಹ್ನ ಹಲಗೆ ನಯಮಾಡಲು ರಂಧಾ ಎಳೆಯುವ ಸದ್ದು. ಮಂಚದ ನಾಲ್ಕು ಕಾಲುಗಳು ಕಪಾಟಿನ ನಾಲ್ಕು ಮೂಲೆಯ ಕಂಬಗಳಾದವು. ಗಿಡ್ಡವಾದವೆಂದು ಹಳೆಯ ಮನೆಯಿಂದ ತಂದ ತೊಲೆಯ ತುಂಡುಗಳನ್ನು ಮೇಲೆ ಜೋಡಿಸಿದರು. ಮಲಗುವ ಹಲಗೆಗಳು ಒಳಗಿನ ಅರೆಗಳಾದವು. ನಮ್ಮ ಮಗನ ಓದುವ ಮೇಜಿನ ಖಾನೆಗಳು ಕೆಳಗೆ ಕೂತವು, ಒಂದರಲ್ಲಿ ಇನ್ನೂ ಶಾಯಿಯ ಕಲೆ ಇದೆ. ನಮ್ಮ ಅಕ್ಕಿ ಪೆಟ್ಟಿಗೆಯ ಮುಚ್ಚಳವನ್ನು ಸೀಳಿ ಎರಡು ಬಾಗಿಲು ಮಾಡಿದರು. ಮಂಚದ ತಲೆಯ ಕಡೆಯ ಅಗಲ ಹಲಗೆ ಕಪಾಟಿನ ಬೆನ್ನಾಯಿತು.

ಆ ಹಲಗೆಯನ್ನು ಮಾತ್ರ ನಾನು ಉಜ್ಜಿದೆ. ಇವರು ಮರಳು ಕಾಗದ ಹಿಡಿದು ಅದರ ಮುಂದೆ ಸುಮ್ಮನೆ ಕೂತಿದ್ದರು, ಕೈ ಏಳುತ್ತಿರಲಿಲ್ಲ. ನಾನು ಕಸಿದುಕೊಂಡು ಉಜ್ಜಿದೆ. ತಲೆಗೆ ಎಣ್ಣೆ ಹಚ್ಚಿಕೊಂಡು ಒರಗಿ ಪೇಪರು ಓದಿ ಓದಿ ಅವನು ಮಾಡಿದ ಕಪ್ಪು ಗುರುತು, ನೀನು ಬೈಯುತ್ತಿದ್ದೆಯಲ್ಲ, ಅದು ಸ್ವಲ್ಪ ಮಾಸಿತು, ಪೂರ್ತಿ ಹೋಗಲಿಲ್ಲ. ಇನ್ನೂ ಉಜ್ಜಬಹುದಿತ್ತು. ನಾನು ಸಾಕು ಮಾಡಿದೆ. ಆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ ಕೂರಿಸಿದ್ದಾರೆ. ಹೊಸ ಮನೆಯಲ್ಲಿ ಯಾರಿಗೂ ಕಾಣುವುದಿಲ್ಲ, ಹೆದರಬೇಡ.

ಕಪಾಟು ಮುಗಿದ ಮೇಲೆ ಇವರೇ ಮಾದೇವಿಯ ಮನೆಗೆ ಹೋಗಿ ನಿನ್ನ ತಮ್ಮ ಸುಜಯನಿಗೆ ಫೋನ್ ಮಾಡಿ ಟೆಂಪೋ ತರಲು ಹೇಳಿದರು. ನನ್ನ ಉತ್ತರ ಇನ್ನೂ ಹೋಗಿರಲಿಲ್ಲ. ನಿನ್ನೆ, ಭಾನುವಾರ, ಟೆಂಪೋ ಬಂತು. ಸುಜಯನ ಹಿಂದೆ ಇನ್ನೊಬ್ಬರು ಇಳಿದರು. ಬಿಳಿ ಅಂಗಿ, ತೆಳ್ಳಗಿನ ಆಳು, ಚಪ್ಪಲಿಯನ್ನು ಅಂಗಳದ ಆಚೆಯೇ ಬಿಟ್ಟು ಬಂದರು. ಯಾರೆಂದು ಸುಜಯ ಹೇಳುವ ಮೊದಲೇ ನನಗೆ ತಿಳಿಯಿತು. ಒಳಗೆ ಹೋಗಿ ನೀರಿನ ತಂಬಿಗೆ ಹುಡುಕುತ್ತಾ ಸುಮಾರು ಹೊತ್ತು ನಿಂತೆ. ತಂಬಿಗೆ ಕಣ್ಣೆದುರೇ ಇತ್ತು.

ಅವರು ಜಗಲಿಯ ತುದಿಯಲ್ಲಿ ಕೂತು ಇವರಿಗೆ ಹೇಳಿದ್ದು ಕೇಳಿಸಿತು. "ಕಾಕಾ, ನಾ ಕಪಾಟು ಒಯ್ಯೂಕೆ ಬಂದದ್ದಲ್ಲ. ನಿಮ್ಗೆ ಮುಖ ತೋರ್ಸದೆ ಮುಂದಿನ ಮಾತು ಸರಿಯಲ್ಲ ಅಂತ ಬಂದೆ."

ಇವರು ಅಂದದ್ದು ಇಷ್ಟೇ. "ಚಾ ಕುಡಿ."

ಮಾದೇವಿ ಬೇಲಿಯಾಚೆಯಿಂದ ಎಲ್ಲ ನೋಡುತ್ತಿದ್ದಳು. ಅವಳ ಬಾಯಿ ನಿನಗೆ ಗೊತ್ತೇ ಇದೆ. "ಕಂಡಕ್ಟ್ರೇ, ಬಾಗ್ಲಲ್ಲೇ ಎಂತಕ್ಕೆ ಕೂತ್ರಿ? ಒಳಗೆ ಹೋಗಿ, ಒಳಗೆ ಹೋಗಿ, ಒಳಗೆ ಜಾಗ ಖಾಲಿ ಅದೆ. ದಿನಾ ನಮ್ಗೆ ಹಂಗೇ ಹೇಳ್ತ್ರಿ ಅಲ್ವ!" ಸುಜಯ ನಕ್ಕ. ಅವರೂ ನಕ್ಕರು. ಆಮೇಲೆ, ಖಾಲಿ ಜಾಗ ಎಂದರೆ ಯಾವುದು ಎಂದು ಎಲ್ಲರಿಗೂ ಒಮ್ಮೆಲೇ ಹೊಳೆದು ಯಾರೂ ನಗಲಿಲ್ಲ. ಮಾದೇವಿಯೂ ಸೆರಗು ಬಾಯಿಗೆ ಹಿಡಿದಳು.

ಚಾ ಮುಗಿದ ಮೇಲೆ ಕಪಾಟು ಎತ್ತಿದರು. ಅದು ಕೋಣೆಯ ಬಾಗಿಲಿಗೆ ಬಂದು ನಿಂತುಬಿಟ್ಟಿತು. ಅಡ್ಡ ಮಾಡಿದರು, ಓರೆ ಮಾಡಿದರು, ಮಲಗಿಸಿದರು. ಆಗಲಿಲ್ಲ. ಇವರು ಹೋಗಿ ಬಾಗಿಲ ಹಿಂದಿನ ಬಿದಿರಿನ ಅಳತೆಕೋಲು ತಂದರು. ಬಾಗಿಲ ಚೌಕಟ್ಟಿಗೆ ಹಿಡಿದು ನೋಡಿದರು, ಮತ್ತೆ ಕೋಲಿನ ಗುರುತು ನೋಡಿದರು. ಮುಖ ಬೂದಿಯಾಯಿತು. ನಾವು ನೌಕಾನೆಲೆಯ ಬೇಲಿಯೊಳಗೆ ಬಿಟ್ಟುಬಂದ ಮನೆಯನ್ನು ಕಟ್ಟುವಾಗ ಇವರ ಅಜ್ಜ ಮಾಡಿದ ಕೋಲು ಅದು. ಆ ಮನೆಯ ಬಾಗಿಲು, ಒಲೆಯ ಕಟ್ಟೆ, ಗೋಡೆಯ ಗೂಡು, ಎಲ್ಲದರ ಅಳತೆ ಗೀರು ಹಾಕಿದ್ದು ಅದರಲ್ಲಿದೆ. ನೌಕಾನೆಲೆಗೆಂದು ಊರು ಬಿಟ್ಟುಕೊಡುವಾಗ ಜನ ಹೆಂಚು, ತೊಲೆ ಹೊತ್ತು ತಂದರೆ ಇವರು ಅದನ್ನೂ ತಂದರು. ಭತ್ತದ ಮೂಟೆ ಹೊತ್ತವನು ನೇರ ಒಳಗೆ ಬರುವಂಥ ಬಾಗಿಲು ಅಲ್ಲಿತ್ತು. ಇವರು ಆ ಬಾಗಿಲಿನ ಅಳತೆಗೆ ಕಪಾಟು ಮಾಡಿದ್ದರು. ಆ ಮನೆಯನ್ನು ಕೆಡವಿ ವರ್ಷಗಳೇ ಆದವು.

ಮಾದೇವಿ ಅಷ್ಟರಲ್ಲಿ ಒಳಗೇ ಬಂದಿದ್ದಳು. "ನೀವೊಬ್ರೇ ಅಲ್ಲ ಶಾಂತಾರಾಮಣ್ಣಾ," ಅಂದಳು, ಈ ಸಲ ಮೆತ್ತಗೆ. "ಈ ಕಾಲೊನಿಲಿ ಎಲ್ರ ಕೈಯೂ ಹಳೇ ಮನೆ ಅಳತೇಲೇ ಅದೆ. ನಮ್ಮನೆ ಮಂಚದ ಕಾಲು ಗೇಣುದ್ದ ಕೊಯ್ದೇ ಒಳಗೆ ತಂದದ್ದು. ಈಗ ಮಂಚದ ಮೇಲೆ ಮಲಗಿದ್ರೂ ಚಾಪೆ ಮೇಲೆ ಮಲಗಿದಂಗೆ."

ಸುಜಯ ಮೆಲ್ಲಗೆ ಕೇಳಿದ. "ಕಪಾಟನ್ನೇ ಬಿಚ್ಚಿ ಒಯ್ದು ಅಲ್ಲಿ ಕೂಡ್ಸಿದ್ರೆ ಆಗೂದಿಲ್ವಾ?"

"ಒಂದ್ಸಲ ಬಿಚ್ಚಿದ್ದು ಸಾಕು," ಎಂದರು ಇವರು. ಹಿತ್ತಿಲಿಗೆ ಹೋಗಿ ಹಾರೆ ತಂದರು. ಯಾರನ್ನೂ ನೋಡದೆ ನಿಮ್ಮ ಕೋಣೆಯ ಬಾಗಿಲನ್ನು ಕಳಚಿ, ಚೌಕಟ್ಟಿನ ಸಂದಿಗೆ ಹಾರೆ ಹಾಕಿದರು. ಸಿಮೆಂಟು ಉದುರಿತು. ದೇವಿದಾಸ ಅಂಗಿಯ ತೋಳು ಮಡಿಸಿ ಇನ್ನೊಂದು ಬದಿಗೆ ಹೋಗಿ ನಿಂತರು. ಚೌಕಟ್ಟು ಪೂರ್ತಿ ಕಿತ್ತು ಬಂದ ಮೇಲೆ ಕಪಾಟು ಹೊರಗೆ ಹೋಯಿತು. ಮುಂಬಾಗಿಲು ಅಗಲ, ಅಲ್ಲಿ ತಡೆಯಾಗಲಿಲ್ಲ.

ಈಗ ಆ ಕೋಣೆಗೆ ಬಾಗಿಲಿಲ್ಲ. ಅಡುಗೆ ಮಾಡುತ್ತಾ ತಲೆ ಎತ್ತಿದರೆ ಒಳಗಿನ ಬರಿ ನೆಲ ಕಾಣುತ್ತದೆ. ಮಂಚದ ಕಾಲು ಇದ್ದ ಕಡೆ ನೆಲದ ಬಣ್ಣ ಬೇರೆ ಇದೆ. ಇವರು ನಿನ್ನೆಯಿಂದ ಜಗಲಿಯಲ್ಲಿ ಕೂತಿದ್ದಾರೆ. ಮಾಡಲು ಕೆಲಸ ಉಳಿದಿಲ್ಲ. ನನಗೂ ದಣಿವು. ಅತ್ತು ಆದ ದಣಿವಲ್ಲ, ಸುಮ್ಮನೆ ಎಲ್ಲ ಕೀಲುಗಳಲ್ಲಿ ಕೂತ ದಣಿವು.

ಕಪಾಟಿನ ಕೆಳಗಿನ ಖಾನೆ ಮಳೆಗಾಲದಲ್ಲಿ ಬಿಗಿಯಾಗಬಹುದು. ಮೇಣದಬತ್ತಿ ಉಜ್ಜು. ಮೇಲಿನ ಅರೆಯಲ್ಲಿ ಹಿತ್ತಾಳೆ ಪಾತ್ರೆ ಇಡು, ಭಾರ ತಡೆಯುತ್ತದೆ. ಬೇವಿನ ಎಲೆ ಹಾಕಲು ಮರೆಯಬೇಡ.

ನೀನು ಕೇಳಿದ ಒಂದು ಮಾತನ್ನು ಇಷ್ಟುದ್ದ ಬರೆದರೂ ಬರೆಯಲಾಗಲಿಲ್ಲ. ಮರ ಕೊಟ್ಟವಳು ಮಾತು ಕೊಡಲು ಯಾಕೆ ಹಿಂದೆ ಮುಂದೆ ನೋಡುತ್ತಾಳೆಂದು ನೀನು ಅಂದುಕೊಳ್ಳಬಹುದು. ನಾನೂ ಅದನ್ನೇ ಅಂದುಕೊಳ್ಳುತ್ತಿದ್ದೇನೆ. ನಿನ್ನ ಅಪ್ಪ, ಆಯಿಗೆ ನಮ್ಮ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲಿದ್ದರೂ ನಿನ್ನ ಒಲೆ ಆರದಿರಲಿ, ನಿನ್ನ ಕೈಬಳೆಯ ಸದ್ದು ಮನೆ ತುಂಬಿರಲಿ.

ಇಂತಿ ನಿನ್ನ
ಆಯಿ, ಹೀರಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ದೇವಿದಾಸ ನಿನಗೆ ಇದನ್ನು ಹೇಳಿರಲಿಕ್ಕಿಲ್ಲ, ಸುಜಯನೂ ಹೇಳುವವನಲ್ಲ, ಆದ್ದರಿಂದ ನಾನೇ ಹೇಳಬೇಕು. ಹೆದ್ದಾರಿಯಲ್ಲಿ ಆ ಅದಿರು ಲಾರಿ ನಮ್ಮ ಮಗನ ಬೈಕಿಗೆ ಹೊಡೆದ ದಿನದಿಂದ ನಿನ್ನ ಮಾವ ಅವನ ಹೆಸರು ಎತ್ತಿಲ್ಲ. ನನ್ನ ಎದುರು 'ಅವ' ಎನ್ನುತ್ತಾರೆ, ಅದೂ ಅಪರೂಪಕ್ಕೆ. ನೀನು ಹೋದ ಮೇಲೆ ಈ ಮನೆಯಲ್ಲಿ ಆ ಹೆಸರು ಹೇಳುವವರೇ ಇಲ್ಲ. ನಾನು ಹೇಳಿದರೆ ಇವರು ಎದ್ದು ಹೋಗುತ್ತಾರೆಂದು ನಾನೂ ಬಿಟ್ಟೆ. ನೀನು ಇನ್ನೊಂದು ಮನೆ ಸೇರಿದರೆ ಆ ಹೆಸರು ಪೂರ್ತಿ ಮುಗಿಯಿತು ಎಂಬ ಭಯಕ್ಕೇ ನಾನು ಉತ್ತರ ಬರೆಯದೆ ಉಳಿದದ್ದು.

ನಿನ್ನೆ ಕಪಾಟು ಕೋಣೆಯಿಂದ ಹೊರಗೆ ಬರುವಾಗ ಇವರು ಹಿಂದೆ, ದೇವಿದಾಸ ಮುಂದೆ. ಇವರಿಗೆ ಅವರ ಮುಖ ಕಾಣುತ್ತಿರಲಿಲ್ಲ. ಗೋಡೆಗೆ ತಾಗುವುದರಲ್ಲಿತ್ತು. ಇವರು ದೊಡ್ಡ ದನಿಯಲ್ಲಿ, ಮೊದಲಿನ ದನಿಯಲ್ಲಿ ಕೂಗಿದರು. "ಸತೀಶಾ, ಎಡಬದಿ ಎತ್ತೋ!"

ಸುಜಯ ನಿಂತುಬಿಟ್ಟ. ಮಾದೇವಿ ನನ್ನ ತೋಳು ಹಿಡಿದಳು. ಆಚೆ ಬದಿಯಿಂದ ದೇವಿದಾಸ ಒಂದು ಕ್ಷಣವೂ ತಡೆಯಲಿಲ್ಲ, "ಎತ್ತಿದೆ ಬಾಬಾ, ನೀವು ಹಗೂರ ಬನ್ನಿ," ಅಂದರು.

ಇವರಿಗೆ ತಾವು ಯಾರ ಹೆಸರು ಕೂಗಿದೆವೆಂದು ಗೊತ್ತಾಯಿತೋ ಇಲ್ಲವೋ, ನಾನು ಕೇಳಿಲ್ಲ. ಆ ಹೆಸರನ್ನು ಇವರ ಬಾಯಲ್ಲಿ ಕೇಳಬೇಕೆಂದು ಇಷ್ಟು ದಿನ ಕಾದೆ. ಕೇಳಿದಾಗ ಓಗೊಟ್ಟವನು ಬೇರೆಯವನು. ನೋವಾಗಲಿಲ್ಲ ಎಂದರೆ ಸುಳ್ಳು. ಆದರೆ ಆ ಹೆಸರು ಕೂಗಿದರೆ ಮುಖ ಗಂಟಿಕ್ಕದ ಮನೆಗೆ ನೀನು ಹೋಗುತ್ತೀ.

ಹೂಂ, ರಕ್ಷಿತಾ. ಇವರದ್ದೂ ಹೂಂ.